ಕೌದಿಯ ಹೊಟ್ಟೆ

ಎಲ್ಲಿಗೆ ಹೋದರೂ ನನ್ನ ಚೀಲದಲ್ಲಿ ಎರಡು ಬೆಡ್‌ಶೀಟು, ಒಂದು ದಿಂಬಿನ ಕವರು ಇರುತ್ತವೆ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಮಗಳ ಅತ್ತೆಮನೆಯೇ ಇರಲಿ, ಅವರು ಹಾಸಿಕೊಟ್ಟಿದ್ದರ ಮೇಲೆ ನನ್ನದನ್ನು ಹಾಸಿಕೊಂಡೇ ಮಲಗುವುದು. ಬಸವಾಪಟ್ಟಣದ ನನ್ನ ನಾದಿನಿ ಇದಕ್ಕೆ ಮಹಾರಾಣಿಯ ಮಡಿ ಎಂದು ಹೆಸರಿಟ್ಟಿದ್ದಾಳೆ. ಮಡಿಯೂ ಅಲ್ಲ, ಮಣ್ಣೂ ಅಲ್ಲ. ನನಗೆ ಹೇಸಿಗೆಯಾಗುತ್ತದೆ, ಅಷ್ಟೇ. ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಎಂದರೆ ಎಲ್ಲರಿಗೂ ಹಿತವಂತೆ. ನಾನು ಆ ವಾಸನೆ ಮೂಗಿಗೆ ಬಡಿದರೆ ಎದ್ದು ಹೊರಗೆ ಹೋಗುತ್ತೇನೆ. ಯಾಕೆಂದು ಕೇಳಿದವರಿಗೆಲ್ಲ ನಾನು ಲಾಡ್ಜಿನಲ್ಲಿ ಬೆಳೆದವಳು ಎಂದಷ್ಟೇ ಹೇಳುತ್ತೇನೆ. ಅವರು ನಗುತ್ತಾರೆ. ಲಾಡ್ಜಿನಲ್ಲಿ ಬೆಳೆಯುವುದೆಂದರೆ ದಿನಾ ಪ್ರವಾಸ ಹೋದ ಹಾಗೆ ಎಂದು ಅವರ ಲೆಕ್ಕ.

ನ್ಯಾಮತಿಯಲ್ಲಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ನಮ್ಮ ಗುಡ್ಡ. ಆಗಿನ್ನೂ ನ್ಯಾಮತಿ ತಾಲ್ಲೂಕಾಗಿರಲಿಲ್ಲ, ಒಂದು ಸಹಿಗೂ ಹೊನ್ನಾಳಿಗೆ ಓಡಬೇಕಿತ್ತು. ಗುಡ್ಡದ ನೆತ್ತಿಯಲ್ಲಿ ಈಶ್ವರನ ಗುಡಿ, ಗುಡಿಯ ಬುಡದಲ್ಲಿ ವರ್ಷವಿಡೀ ಬತ್ತದ ಕೊಳ, ಕೊಳದ ಮೆಟ್ಟಿಲಿಗೆ ಎದುರಾಗಿ ನಮ್ಮ ಲಾಡ್ಜು. ಒಂದೇ ಸಾಲಿಗೆ ಆರು ಕೋಣೆ, ಕೊನೆಯಲ್ಲಿ ನಾವಿರುವ ಎರಡು ಕೋಣೆ ಮತ್ತು ಅಡುಗೆಮನೆ, ಹಿತ್ತಲಲ್ಲಿ ಹಂಡೆಯ ಒಲೆ. ಬೋರ್ಡಿನ ಮೇಲೆ ಲಾಡ್ಜಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಬಿಸಿನೀರು ಸಿಗುತ್ತದೆ’ ಎಂದು ಬರೆಸಿದ್ದರು. ಬೇಸಿಗೆಯಲ್ಲಿ ನರಪಿಳ್ಳೆ ಬರುತ್ತಿರಲಿಲ್ಲ. ಕಾರ್ತಿಕ ಹುಟ್ಟಿತೆಂದರೆ ಶಿವರಾತ್ರಿಯವರೆಗೂ ಜನವೋ ಜನ. ಐದು ಸೋಮವಾರ ಕೊಳದಲ್ಲಿ ಮುಳುಗುತ್ತೇನೆ ಎಂದು ಹರಕೆ ಹೊತ್ತವರು, ಮಗುವಿನ ಜವಳ ತೆಗೆಸುವವರು, ಚನ್ನಗಿರಿ ಕಡೆಯ ಹೊಸ ಮದುಮಕ್ಕಳು, ಜಗಳೂರಿನ ಬಯಲಿಂದ ಚಳಿ ಎಂದರೇನು ಎಂದು ನೋಡಲಿಕ್ಕೇ ಬಂದವರು. ಆ ನಾಲ್ಕು ತಿಂಗಳು ಗುಡ್ಡದ ಮೇಲೆ ಬಿಸಿಲು ಕಾಣುವುದು ಬೆಳಗಿನ ಹತ್ತಕ್ಕೆ. ನಾಲ್ಕಕ್ಕೆಲ್ಲ ಗುಡಿಯ ಹಿಂದೆ ಇಳಿದು ಮತ್ತೆ ಮಂಜು. ಒಗೆದು ಹಾಕಿದ ಬಟ್ಟೆ ಮೂರು ದಿನವಾದರೂ ಹಸಿಹಸಿ ಇದ್ದು, ಕೊನೆಗೆ ಒದ್ದೆ ನಾಯಿಯ ವಾಸನೆ ಹಿಡಿಯುತ್ತಿತ್ತು. ನಮ್ಮ ಮನೆಯ ಎಲ್ಲ ಸುಳ್ಳುಗಳಿಗೂ ಈ ಮಂಜೇ ಕಾರಣ ಎಂದು ಅವ್ವ ಹೇಳುತ್ತಿದ್ದಳು.

ಬಂದವರು ಹೋದ ಮೇಲೆ ಕೋಣೆ ಗುಡಿಸುವುದು ನಾನು ಮತ್ತು ಅವ್ವ. ಮನುಷ್ಯರ ಬಗ್ಗೆ ನನಗಿರುವ ಅಭಿಪ್ರಾಯವೆಲ್ಲ ಆ ಕೋಣೆಗಳಲ್ಲಿ ಹುಟ್ಟಿದ್ದು. ಕಿಟಕಿಯ ಮೂಲೆಯಲ್ಲಿ ಎಲೆಅಡಿಕೆ ಉಗುಳು, ಮಂಚದ ಕೆಳಗೆ ಬೀಡಿ ತುಂಡು ಮತ್ತು ಅರ್ಧ ತಿಂದ ಬಾಳೆಹಣ್ಣು, ಬಚ್ಚಲ ತೂತಿನಲ್ಲಿ ಹೆಂಗಸರ ಕೂದಲಿನ ಉಂಡೆ, ಗೋಡೆಗೆ ಒರೆಸಿದ ಸಿಂಬಳ. ದೇವರ ಎದುರು ನೀರಲ್ಲಿ ಮುಳುಗಿ ಎದ್ದು ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದವರೇ ಇವರೆಲ್ಲ. ದಿಂಬಿನ ಮೇಲೆ ತಲೆಯೆಣ್ಣೆಯ ಗುಂಡನೆಯ ಕಲೆ ಇರುತ್ತಿತ್ತು, ಆ ಕಲೆಯ ಬಣ್ಣ ನೋಡಿ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂದು ಹೇಳುವಷ್ಟು ನಾನು ಪಳಗಿದ್ದೆ. ಕೂದಲಿನ ಉಂಡೆಯನ್ನು ಕಡ್ಡಿಯಲ್ಲಿ ಎತ್ತಿ ಎಸೆದು ಕೈ ತೊಳೆದು ಬಂದರೆ ಅವ್ವ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದಳು. ಅದರಲ್ಲಿ ಕರಿಬೇವಿನ ಕಡ್ಡಿ ಸಿಕ್ಕರೂ ನನಗೆ ಅದು ಬೇರೆ ಏನೋ ಆಗಿ ಕಾಣುತ್ತಿತ್ತು. ಎಷ್ಟೋ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋಗಿದ್ದೇನೆ.

ಇಷ್ಟೇ ಆಗಿದ್ದರೆ ಬೇರೆಯವರ ಕೊಳಕು ಎಂದು ಮರೆತುಬಿಡುತ್ತಿದ್ದೆನೇನೋ. ನಮ್ಮದೇ ಕೊಳಕು ಅದಕ್ಕಿಂತ ದೊಡ್ಡದು. ಒಬ್ಬರು ಮಲಗಿದ ಬೆಡ್‌ಶೀಟನ್ನು ಅವ್ವ ಒಗೆಯುತ್ತಿರಲಿಲ್ಲ, ಮಗುಚಿ ಹಾಸುತ್ತಿದ್ದಳು. ಎರಡನೆಯವರು ಎದ್ದು ಹೋದ ಮೇಲೆ ಅದು ನನ್ನ ಕೈಗೆ ಬರುತ್ತಿತ್ತು. ಹಂಡೆ ಒಲೆಯ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ, ಒಂದು ಚೊಂಬು ನೀರು. ನೀರು ಚಿಮುಕಿಸಿ ಪೆಟ್ಟಿಗೆ ಎಳೆದರೆ ಸುಕ್ಕು ಹೋಗಿ ಬಟ್ಟೆ ಗರಿಗರಿ. ಇದಕ್ಕೆ ನಮ್ಮ ಮನೆಯಲ್ಲಿ ‘ಇಸ್ತ್ರಿ ತೋರಿಸುವುದು’ ಎನ್ನುತ್ತಿದ್ದರು. ಬಿಸಿ ಪೆಟ್ಟಿಗೆ ತಾಗಿದ ಕೂಡಲೇ ಬಟ್ಟೆಯೊಳಗಿನದೆಲ್ಲ ಆವಿಯಾಗಿ ಮುಖಕ್ಕೆ ಏಳುತ್ತಿತ್ತು. ಯಾರದೋ ಕಂಕುಳ ಬೆವರು, ಯಾರದೋ ನೋವಿನೆಣ್ಣೆ, ಯಾವುದೋ ಕೂಸಿನ ಹುಳಿ ಹಾಲು. ನಾನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದೆ. ಬಸ್ಸು ಬಂದ ಸದ್ದಾಗುತ್ತಲೂ ಅವ್ವ ಓಡಿ ಬಂದು ಬೆಡ್‌ಶೀಟು ಕಸಿದುಕೊಂಡು ಹೋಗಿ, ಬಂದವರ ಕಣ್ಣೆದುರೇ ಮಂಚದ ಮೇಲೆ ಹರಡುತ್ತಿದ್ದಳು.

“ಈಗ ಒಗ್ದು ಇಸ್ತ್ರಿ ಮಾಡಿದ್ದು ಕಣ್ರೀ. ಮುಟ್ಟಿ ನೋಡ್ರಿ, ಇನ್ನೂ ಬಿಸಿ ಐತೆ.”

ಅವರು ಮುಟ್ಟಿ ನೋಡುತ್ತಿದ್ದರು. ಎಷ್ಟು ಸ್ವಚ್ಛ ಇಟ್ಟಿದೀರವ್ವ ಎನ್ನುತ್ತಿದ್ದರು. ಆಗ ಅವ್ವನ ಮುಖದಲ್ಲಿ ಒಂದು ನಗು ಬರುತ್ತಿತ್ತು. ಸಾಸ್ವೆಹಳ್ಳಿಯ ತವರಿನಲ್ಲಿ ಹೊಳೆಯ ದಂಡೆಯ ಕಲ್ಲಿನ ಮೇಲೆ ಬಟ್ಟೆ ಒಗೆದು ಬೆಳೆದ ಹೆಂಗಸು ಅವಳು, ಬಟ್ಟೆಯಲ್ಲಿ ಒಂದು ಕಲೆ ಉಳಿಸುತ್ತಿದ್ದವಳಲ್ಲ. ಆ ನಗುವನ್ನು ಎಲ್ಲಿ ಕಲಿತಳೋ ಗೊತ್ತಿಲ್ಲ. ನನಗೆ ಬೆವರಿನ ವಾಸನೆಗಿಂತ ಆ ನಗು ನೋಡಿದರೆ ಹೆಚ್ಚು ಹೇಸಿಗೆಯಾಗುತ್ತಿತ್ತು. ಇಂದಿಗೂ ಯಾರಾದರೂ ‘ಈಗಷ್ಟೇ ಒಗೆದಿದ್ದು’ ಎಂದರೆ ನಾನು ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಬಟ್ಟೆ.

ಅಪ್ಪನ ಸಂಗತಿಯೇ ಬೇರೆ. ಹಾಲೇಶಪ್ಪನ ಲಾಡ್ಜಿನ ಬಾಗಿಲಿಗೆ ಬಂದವರು ಜಾಗವಿಲ್ಲ ಎಂದು ಗುಡ್ಡ ಇಳಿದದ್ದು ಇಲ್ಲ ಎಂಬ ಹೆಸರು ಉಳಿಸಿಕೊಳ್ಳುವುದೇ ಅವನ ಜನ್ಮದ ಕೆಲಸ. ಕೋಣೆ ತುಂಬಿದರೆ ಜಗುಲಿಯಲ್ಲಿ ಮಲಗಿಸುತ್ತಿದ್ದ, ಜಗುಲಿ ತುಂಬಿದರೆ ನಮ್ಮ ಅಡುಗೆಮನೆಯಲ್ಲಿ. ರಗ್ಗು ಸಾಲದೆ ಹೋದರೆ ಸಂಜೆಯ ಹೊತ್ತು ನಗುನಗುತ್ತಾ ಒಳಗೆ ಬಂದು ನಮ್ಮ ಹಾಸಿಗೆಗಳ ಮೇಲಿನ ಹೊದಿಕೆಯನ್ನೇ ಸುತ್ತಿ ಬಗಲಲ್ಲಿಟ್ಟುಕೊಂಡು ಹೋಗುತ್ತಿದ್ದ. ಮಾರನೆಯ ದಿನ ಅವು ಹಾಗೆಯೇ ವಾಪಸು ನಮ್ಮ ಮೈಮೇಲೆ. ಈ ವಿಷಯಕ್ಕೆ ಅವ್ವನಿಗೂ ಅವನಿಗೂ ಪ್ರತಿ ಸೋಮವಾರ ಜಗಳ.

“ಸ್ವಂತ ಮಗಳನ್ನ ಕಂಡೋರ ಹೊದಿಕೇಲಿ ಮಲಗಿಸ್ತೀಯಲ್ಲ, ನಿಂಗೆ ಏನೂ ಅನ್ಸಲ್ವಾ?”

“ಮೈ ವಾಸ್ನೆಗೆ ಯಾರಾರ ಸತ್ತಿದ್ದು ಕೇಳಿದೀಯೇನೆ? ಚಳೀಗಾದ್ರೆ ಸಾಯ್ತಾರೆ.”

ಅವನ ಮಾತು ಸುಳ್ಳಲ್ಲ. ಅದಕ್ಕೇ ಅವನ ಮೇಲೆ ಸಿಟ್ಟು ಜಾಸ್ತಿ. ರಗ್ಗಿನ ಅಂಚು ಗದ್ದಕ್ಕೆ ತಾಗದ ಹಾಗೆ ಕೈಯಿಂದ ಎತ್ತಿ ಹಿಡಿದುಕೊಂಡು ಮಲಗುವುದನ್ನು ನಾನು ಕಲಿತೆ. ಕೈ ಸೋತು ಬಿದ್ದರೆ ಯಾರದೋ ಹೊಗೆಸೊಪ್ಪಿನ ವಾಸನೆ ನನ್ನ ತುಟಿಗೆ.

ನನ್ನ ಈ ಅವಸ್ಥೆ ಕಂಡು ಮರುಗಿದವಳು ಅಜ್ಜಿ. ಅಪ್ಪನ ತಾಯಿ, ಜಗಳೂರು ಕಡೆಯವಳು, ಹಲ್ಲಿಲ್ಲದಿದ್ದರೂ ಸೂಜಿಗೆ ದಾರ ತಾನೇ ಪೋಣಿಸುವವಳು. ನನಗೆ ಹತ್ತು ತುಂಬಿದ ವರ್ಷ ಮಳೆಗಾಲವಿಡೀ ಕೂತು ಅವಳು ನನಗಾಗಿ ಒಂದು ಕೌದಿ ಹೊಲಿದಳು. ಅವಳ ಹಳೆಯ ಸೀರೆಗಳು, ಅಪ್ಪನ ಪಂಚೆ, ನನ್ನ ಮೊದಲ ಲಂಗದ ಹಸಿರು ತುಂಡು. ಪರರದೊಂದು ನೂಲೂ ಅದರಲ್ಲಿರಲಿಲ್ಲ. ದೀಪಾವಳಿಯ ದಿನ ಕೊನೆಯ ಹೊಲಿಗೆ ಹಾಕುವ ಮುಂಚೆ, ನಟ್ಟನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ಅರ್ಧ ಹೋಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ಬಿಳಿ ದಾರದಲ್ಲಿ ಬಾಯಿ ಹೊಲಿದಳು. ಇರುವೆ ಬರುತ್ತವೆ ಎಂದು ನಾನು ಮುಖ ಸಿಂಡರಿಸಿದೆ.

“ಬಂದ್ರೆ ಬರ್ಲಿ. ಕೌದೀಗೂ ಒಂದು ಹೊಟ್ಟೆ ಇರ್ತೈತೆ, ಅದನ್ನ ಬರಿದು ಬಿಡಬಾರ್ದು. ನಮ್ಮ ಕಡೆ ಕೌದಿ ಒಗೆದಾಗೆಲ್ಲ ಹೊಟ್ಟೆ ಬಿಚ್ಚಿ ಹಳೇದು ತೆಗೆದು ಹೊಸ ಹೋಳಿಗೆ ಇಟ್ಟು ಹೊಲೀತೀವಿ. ಒಗೀದೆ ಇಡಂಗಿಲ್ಲ, ಇಡದೆ ಹೊದ್ಯಂಗಿಲ್ಲ.”

“ಈ ಮನೇಲಿ ಒಗೆಯೋದೇ ಇಲ್ವಲ್ಲಜ್ಜಿ” ಎಂದೆ. ಅಜ್ಜಿ ಅಡುಗೆಮನೆಯ ಕಡೆ ನೋಡಿ ಬೊಚ್ಚುಬಾಯಿ ಮುಚ್ಚಿಕೊಂಡು ನಕ್ಕಳು. ಆ ಕೌದಿಯನ್ನು ನಾನು ಹಗಲೆಲ್ಲ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಅಪ್ಪ ರಗ್ಗು ಒಟ್ಟುಮಾಡಲು ಬಂದಾಗ ಟ್ರಂಕಿನ ಮೇಲೆ ಕೂತುಬಿಡುತ್ತಿದ್ದೆ. ಎರಡು ಸೋಮವಾರ ಹೀಗೆ ಕಳೆಯಿತು. ಇಡೀ ಗುಡ್ಡದಲ್ಲಿ ಶುದ್ಧವಾದದ್ದು ಅದೊಂದೇ ಎಂದು ನಾನು ನಂಬಿದ್ದೆ.

ಮೂರನೆಯ ಸೋಮವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಜಗಳೂರು ಕಡೆಯ ಅತ್ತೆ ಸೊಸೆ ಇಬ್ಬರು ಬಂದರು. ಅತ್ತೆ ಹಣ್ಣುಹಣ್ಣು ಮುದುಕಿ. ಹರಕೆ ಎಂದು ಹಟ ಹಿಡಿದು ಆ ಚಳಿಯಲ್ಲಿ ಕೊಳಕ್ಕೆ ಇಳಿದು ಎದ್ದು, ಮೈ ಸೆಟೆದು ಹಲ್ಲು ಕಟಕಟ ಕಡಿಯುತ್ತಿದ್ದಳು. ಸೊಸೆಯ ಹೆಸರು ಪಾರಕ್ಕ. ಅತ್ತೆಯನ್ನು ತೋಳಲ್ಲಿ ಅವಚಿಕೊಂಡೇ ಮೆಟ್ಟಿಲು ಹತ್ತಿಸಿದ್ದಳು. ಆರೂ ಕೋಣೆ ತುಂಬಿತ್ತು. ಅಪ್ಪ ನಮ್ಮ ಮಲಗುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟ, ಆಮೇಲೆ ನನ್ನ ಮುಂದೆ ಬಂದು ನಿಂತ.

“ಆ ಅಜ್ಜಿ ನಡುಗ್ತೈತೆ ರತ್ನಿ. ಕೌದಿ ಕೊಡು.”

“ಕೊಡಲ್ಲ.”

ಅವ್ವ ನನ್ನ ಪರ ಬಾಯಿ ತೆಗೆಯುವಷ್ಟರಲ್ಲಿ ಮೂಲೆಯಿಂದ ಅಜ್ಜಿಯ ದನಿ ಬಂತು.

“ಕೊಡು ಮಗಾ. ನಾನು ಹೊಲ್ದಿದ್ದು ಮನುಷ್ಯರಿಗೆ, ಟ್ರಂಕಿಗಲ್ಲ.”

ಅವಳೂ ಅವರ ಕಡೆಗೆ ಸೇರಿದಳಲ್ಲ ಎಂದು ನನಗೆ ಅಳು ಬಂತು. ಬೀಗ ತೆಗೆದು, ಕೌದಿಯನ್ನು ನೆಲಕ್ಕೆ ಒಗೆದೆ.

ಬೆಳಿಗ್ಗೆ ಎದ್ದವಳೇ ಅದನ್ನು ಇಸಿದುಕೊಂಡು ಬರಲು ಹೋದೆ. ಬಾಗಿಲು ತೆಗೆಯುತ್ತಿದ್ದ ಹಾಗೆ ಉಚ್ಚೆಯ ವಾಸನೆ. ನನ್ನ ಕೌದಿ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು, ನನ್ನ ಹಸಿರು ಲಂಗದ ತುಂಡು ನೆನೆದು ಕಪ್ಪಾಗಿತ್ತು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಾರಕ್ಕ ಎದ್ದು ಬಂದು ನನ್ನ ಭುಜ ಹಿಡಿದು ಪಿಸುಗುಟ್ಟಿದಳು.

“ಜ್ವರದಾಗೆ ನಮ್ಮತ್ತೆಗೆ ಎಚ್ಚರ ಆಗ್ಲಿಲ್ಲ ಮಗಾ. ಯಾರ ಹತ್ರಾನೂ ಹೇಳಬ್ಯಾಡ. ನಾನು ಒಗ್ದು ಕೊಡ್ತೀನಿ.”

“ಥೂ” ಎಂದೆ. ಪಾರಕ್ಕನಂತೆ ಪಿಸುಗುಟ್ಟಲಿಲ್ಲ, ಗಟ್ಟಿಯಾಗಿಯೇ ಅಂದೆ. ಗೋಡೆಯ ಕಡೆ ತಿರುಗಿದ್ದ ಆ ಸಣ್ಣ ಬೆನ್ನು ಇನ್ನಷ್ಟು ಮುದುಡಿತು. ಅದನ್ನು ನಾನು ನೋಡಿದೆ. ನೋಡಿಯೂ ಇನ್ನೊಂದು ಸಲ ಥೂ ಎಂದು ಬಾಗಿಲು ಬಡಿದುಕೊಂಡು ಹೊರಟೆ.

ಮುದುಕಿಗೆ ಜ್ವರ ಇಳಿಯುವವರೆಗೆ ಅವರು ಇನ್ನೆರಡು ದಿನ ಉಳಿದರು. ಆ ಎರಡು ದಿನ ನಾನು ಹಿತ್ತಲ ಕಡೆಗೇ ಹೋಗಲಿಲ್ಲ. ಬೆಳಿಗ್ಗೆ ಶಾಲೆಗೆ ಇಳಿದರೆ ಸಂಜೆ ಬಂದು ಅಡುಗೆಮನೆಯ ಮೂಲೆ ಸೇರುತ್ತಿದ್ದೆ. ಒಗೆಯುತ್ತಾಳಂತೆ, ಒಗೆಯುವುದು ಎಂದರೇನು ಎಂದು ನನಗೆ ಗೊತ್ತಿಲ್ಲವೇ, ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಗುರುವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅವರು ಹೊರಡುವವರಿದ್ದರು. ಪಾರಕ್ಕ ನನ್ನನ್ನು ಹುಡುಕಿಕೊಂಡು ಹಂಡೆ ಒಲೆಯ ಹತ್ತಿರಕ್ಕೆ ಬಂದಳು, ಎರಡೂ ಕೈಯಲ್ಲಿ ಮಡಿಚಿದ ಕೌದಿ. ಅವಳ ಬೆರಳುಗಳು ತಣ್ಣೀರಿನಲ್ಲಿ ನೆಂದು ಒಡೆದು ಕೆಂಪಗಿದ್ದವು. ಅದನ್ನೂ ನಾನು ನೋಡಿದೆ.

“ತಗ ಮಗಾ. ಮೂರು ನೀರು ಹಾಕಿ ಒಗ್ದೀನಿ. ಎರಡು ದಿನ ಒಲೆ ಹಿಂದಿನ ಗೋಡೆ ಮೇಲೆ ಹಾಕಿ ಒಣಗಿಸೀನಿ. ಇನ್ನೊಂದು ಏನಂದ್ರೆ…”

ಅವಳು ಇನ್ನೇನೋ ಹೇಳುವವಳಿದ್ದಳು. ನಾನು ಕೌದಿ ಇಸಿದುಕೊಂಡು ಬೆನ್ನು ತಿರುಗಿಸಿದೆ. ಒಳಗಿನಿಂದ ಅತ್ತೆ ಕರೆದಳೆಂದು ಅವಳು ಹೋದಳು. ಕೌದಿ ನನ್ನ ಕೈಯಲ್ಲಿ ಬೆಚ್ಚಗಿತ್ತು. ಆ ಬಿಸಿಯೇ ನನಗೆ ಸಾಕಾಯಿತು. ನಮ್ಮ ಮನೆಯಲ್ಲಿ ಬೆಚ್ಚಗಿರುವುದೆಂದರೆ ಒಗೆಯದೆ ಇರುವುದು. ನೀರು ಚಿಮುಕಿಸಿ ಒಲೆಯ ಮುಂದೆ ಹಿಡಿದಿದ್ದಾಳೆ, ನನ್ನನ್ನು ಯಾರೆಂದುಕೊಂಡಿದ್ದಾಳೆ ಇವಳು, ದಿನಾ ಇಂಥ ಹತ್ತು ಬೆಡ್‌ಶೀಟು ಎಳೆಯುವವಳು ನಾನು. ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದ್ದರೆ ಆಗುತ್ತಿತ್ತು. ಹೇಸಿಗೆಯಾಗಿ ಮೂಸಲಿಲ್ಲ. ಹಂಡೆ ಒಲೆಯ ಬಾಯಿಗೆ ಕೌದಿಯ ಒಂದು ತುದಿ ತುರುಕಿ, ಕೊಳ್ಳಿಯಿಂದ ತಳ್ಳುತ್ತ ಹೋದೆ. ಸೀರೆಯ ತುಂಡುಗಳು ಭಗ್ಗನೆ ಹತ್ತಿಕೊಂಡವು. ಅಜ್ಜಿಯ ಒಂದು ಮಳೆಗಾಲ ನೋಡನೋಡುತ್ತಾ ಒಳಗೆ ಹೋಗುತ್ತಿತ್ತು. ನನಗೆ ಸಮಾಧಾನವೇ ಆಯಿತು, ಸುಳ್ಳು ಹೇಳಬಾರದು.

ಅರ್ಧ ಹೋದ ಮೇಲೆ ನಡುವಿನ ಹೊಟ್ಟೆ ಒಲೆಯ ಬಾಯಿಗೆ ಬಂತು. ಅಲ್ಲಿ ಅಜ್ಜಿಯ ಬಿಳಿ ದಾರ ಇರಲಿಲ್ಲ. ಕೆಂಪು ದಾರದ ಹೊಲಿಗೆಯಿತ್ತು, ಹೊಚ್ಚ ಹೊಸದು. ಇದೇನು ಎಂದುಕೊಳ್ಳುವುದರೊಳಗೆ ನನ್ನ ಕೈ ತಳ್ಳಿಯಾಗಿತ್ತು. ಉಚ್ಚೆಯ ನಾತ ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೆರಗಿಲ್ಲದ ನಾನು ತೋಳಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ. ಮೊದಲು ಬಂದದ್ದು ಬಟ್ಟೆ ಸೋಪಿನ ವಾಸನೆ. ಅದರ ಹಿಂದೆಯೇ ಬೆಲ್ಲ ಕರಗುವ, ಏಲಕ್ಕಿ ಸುಡುವ ಘಮ ಹಿತ್ತಲನ್ನೆಲ್ಲ ತುಂಬಿತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು.

“ಹೋಳಿಗೆ ಸೀದ ವಾಸ್ನೆ ಬರ್ತೈತಲ್ಲ, ಯಾರು ಮಾಡ್ತಿರೋದು?”

ಒಲೆಯ ಮುಂದೆ ಬಿದ್ದಿದ್ದ ಕೌದಿಯ ಉಳಿದರ್ಧವನ್ನು ಅವಳು ಕಂಡಳು. ಕೊಳ್ಳಿ ನನ್ನ ಕೈಯಿಂದ ತೆಗೆದುಕೊಂಡು ಒಳಗಿನದನ್ನು ಎಳೆದು ಹಾಕಿದಳು. ಅಂಗೈಯಷ್ಟು ಬಟ್ಟೆ, ಅಂಚಿನಲ್ಲಿ ಎರಡೆಳೆ ಕೆಂಪು ದಾರ, ನಡುವೆ ಗುಳುಗುಳು ಕುದಿಯುತ್ತಿದ್ದ ಕಪ್ಪು ಹೂರಣ. ದೇವರ ಎಡೆಗೆಂದು ಊರಿಂದ ಕಟ್ಟಿಕೊಂಡು ಬಂದಿದ್ದ ಹೋಳಿಗೆಯಲ್ಲಿ ಪಾರಕ್ಕ ನನ್ನ ಕೌದಿಗೂ ಒಂದು ಪಾಲು ತೆಗೆದಿಟ್ಟಿದ್ದಳು. ಅಜ್ಜಿ ಕೊಳ್ಳಿಯ ತುದಿಯಿಂದ ಆ ಕೆಂಪು ದಾರವನ್ನು ಬಿಡಿಸಿ ನೋಡಿದಳು.

“ಒಗೀದೆ ಇಡೋ ಪೈಕಿ ಅಲ್ಲ ಕಣೆ ಅವಳು” ಎಂದಳು. ಆಮೇಲೆ, “ನಿಂದಲ್ಲ ತಪ್ಪು. ನಾವು ಬೆಳ್ಸಿದ್ದು ಹಂಗೆ” ಎಂದಳು. ಹೊಡೆದಿದ್ದರೆ ಒಳ್ಳೆಯದಿತ್ತು.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಅಪ್ಪ ಮುದುಕಿಯನ್ನು ಎತ್ತಿ ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದ್ದ. ಅವ್ವ ದಾರಿಗೆಂದು ರೊಟ್ಟಿ ಬುತ್ತಿ ಕೊಡುತ್ತಿದ್ದಳು. ಅಜ್ಜಿ ನನ್ನ ಬೆನ್ನ ಮೇಲೆ ಕೈಯಿಟ್ಟು ನಡೆಸಿಕೊಂಡು ಬಂದು ಬಸ್ಸಿನ ಮುಂದೆ ನಿಲ್ಲಿಸಿದಳು. ಪಾರಕ್ಕ ಮೆಟ್ಟಿಲ ಮೇಲೆ ಕಾಲಿಟ್ಟವಳು ನನ್ನನ್ನು ಕಂಡು ಇಳಿದು ಬಂದಳು. ದನಿ ತಗ್ಗಿಸಿ ಕೇಳಿದಳು.

“ಮೂಸಿ ನೋಡಿದ್ಯಾ ಮಗಾ? ವಾಸ್ನೆ ಏನಾರ ಉಳದೈತಾ?”

“ಇಲ್ಲಕ್ಕ” ಎಂದೆ. ಅಷ್ಟಕ್ಕೇ ಬಿಡಲು ಆಗಲಿಲ್ಲ. “ಹೋಳಿಗೆ ವಾಸ್ನೆ ಬಂತು.”

ಅವಳ ಮುಖ ಅರಳಿತು. ಕಿಟಕಿಯ ಕಡೆ ತಿರುಗಿ, ನಾಲ್ಕು ಜನರಿಗೆ ಕೇಳುವ ಹಾಗೆಯೇ ಹೇಳಿದಳು.

“ಕೇಳಿದ್ರಾ ಅತ್ತೆ, ಹುಡುಗಿ ಮೂಸಿ ನೋಡೈತಂತೆ. ಹೋಳಿಗೆ ವಾಸ್ನೆ ಬರ್ತೈತಂತೆ.”

ಮೂರು ದಿನದಿಂದ ಗೋಡೆಯ ಕಡೆಗೇ ಇದ್ದ ಆ ಮುಖವನ್ನು ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದ್ದು ಆಗ. ಮುದುಕಿ ನನ್ನನ್ನು ನೋಡಿದಳು, ನಕ್ಕಳು, ಹತ್ತು ವರ್ಷದ ನನಗೆ ಎರಡೂ ಕೈ ಎತ್ತಿ ಮುಗಿದಳು. ಬಸ್ಸು ತಿರುವು ದಾಟುವವರೆಗೂ ಆ ಕೈ ಇಳಿಯಲಿಲ್ಲ. ನಾನು ತಿರುಗಿ ಮುಗಿಯಲಿಲ್ಲ. ನನ್ನ ಕೈಗಳೆರಡೂ ಮಸಿಯಾಗಿದ್ದವು, ಅವಳಿಗೆ ಕಾಣಬಾರದೆಂದು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.